‘ಕೆರ’ದ ವಂಶಾವಳಿ

ಸಂತೆಮರಹಳ್ಳಿಯಿಂದ ಚಾಮರಾಜನಗರವನ್ನು ಹಾಯ್ದು ದಕ್ಷಿಣಾಭಿಮುಖವಾಗಿ ಸಾಗುವ ಹೆದ್ದಾರಿಯು ಹಾಸನೂರನ್ನು ದಾಟಿ, ದಿಂಬಂ ಘಟ್ಟವನ್ನಿಳಿದು ಸತ್ಯಮಂಗಲವನ್ನು ಸೇರುವಷ್ಟರಲ್ಲಿ, ನಮ್ಮ ಕಾಲಿನ ‘ಕೆರ’ವು ತಮಿಳರ ಬಾಯಲ್ಲಿ ‘ಸೆರುಪ್ಪು’ ಎನಿಸಿಕೊಳ್ಳುತ್ತದೆ; ಮಲೆಯಾಳದಲ್ಲಿ ಅದೇ ‘ಚೆರುಪ್ಪು’, ತೆಲುಗಿನಲ್ಲಿ ‘ಚೆಪ್ಪು’. ಮೂಲದ್ರಾವಿಡದ ಪದಾದಿ ಕಕಾರವು ಇ, ಎ ಎಂಬ ತಾಲವ್ಯಸ್ವರಗಳ ಸಾಮೀಪ್ಯದಿಂದ ಆ ಮೂರು ನುಡಿಗಳಲ್ಲಿ ಚಕಾರಕ್ಕೆ ತಿರುಗಿದರೂ, ಕನ್ನಡವು ಅದನ್ನು ಬಿಟ್ಟುಕೊಡಲಿಲ್ಲ. ನಮ್ಮ ಕಿವಿ ತಮಿಳಿನಲ್ಲಿ ‘ಸೆವಿ’ಯಾದುದೂ, ನಮ್ಮ ಕೆರೆ ತೆಲುಗಿನಲ್ಲಿ ‘ಚೆರುವು’ ಆದುದೂ ಈ ನಿಯಮದಿಂದಲೇ. ಹಾಲು ಹಿಂದೊಮ್ಮೆ ‘ಪಾಲ್’ ಆಗಿದ್ದಂತೆ ಕೆರವೂ ಹಿಂದೊಮ್ಮೆ ‘ಕೆರ್ಪು’ ಆಗಿತ್ತು; ಪಕಾರ ಸಡಿಲಿ ಕೆರಹು, ಕೆರವು, ಕಡೆಗೆ ಕೆರ ಎಂದು ಸವೆಯಿತಾದರೂ ಮೊದಲಕ್ಷರ ಮಾತ್ರ ಅಚಲವಾಗಿ ನಿಂತಿತು.

ಜರ್ಮಾನಿಕ್ ಭಾಷಾಕುಲದಲ್ಲಿಯೂ ಇಂತಹುದೇ ಚರಿತ್ರೆಯುಂಟು. ನಾಲ್ಕನೆಯ ಶತಮಾನದ ಗಾಥಿಕ್ ಬೈಬಲಿನ ‘ಸ್ಕೋಹ್ಸ್’ ಎಂಬ ಶಬ್ದದ ದಾಯಾದಿಗಳಾದ ಇಂಗ್ಲಿಷಿನ ಮತ್ತು ಜರ್ಮನ್ನಿನ ‘ಶೂ’ಗಳು ಆದಿಯ ಕಕಾರವನ್ನು ಕಳೆದುಕೊಂಡಿವೆ, ಸ್ವೀಡಿಷಿನ ‘ಸ್ಕೂ’ ಅದನ್ನು ಉಳಿಸಿಕೊಂಡಿದೆ. ಹೊದಿಸುವುದೆಂಬ ಅರ್ಥದ ಧಾತುವೇ ಇವುಗಳ ಮೂಲವಿರಬಹುದೆಂದು ಅನೇಕ ವಿದ್ವಾಂಸರ ಊಹೆ. ಪಾರಸಿಯಿಂದ ಬಂದ ನಮ್ಮ ‘ಪಾಪೋಸು’ ಕೂಡ ಪಾದದ ಹೊದಿಕೆಯೇ, ಸಂಸ್ಕೃತದ ‘ಉಪಾನಹ’ವು ಕಟ್ಟಿಕೊಳ್ಳುವಂತಹುದು, ಅಚ್ಚಗನ್ನಡದ ‘ಮೆಟ್ಟು’ ನೆಲವನ್ನು ತುಳಿಯುವ ಕ್ರಿಯೆಯಿಂದಲೇ ಹುಟ್ಟಿದುದು.

ಇಷ್ಟು ಪ್ರಾಚೀನವಾದ ‘ಕೆರ’ವು ಇಂದು ಸಭ್ಯರ ಸಂಭಾಷಣೆಯಿಂದ ಬಹಿಷ್ಕೃತವಾಗಿ, ಬೈಗುಳಗಳಲ್ಲಿ ಮಾತ್ರ ಆಶ್ರಯ ಪಡೆದಿರುವುದು ಶಬ್ದದ ದೋಷದಿಂದಲ್ಲ, ತೊಗಲನ್ನು ಹದಮಾಡಿ ಹೊಲಿದ ಕೈಗಳ ಮೇಲೆ ಸಮಾಜವು ಹೊರಿಸಿದ ತಿರಸ್ಕಾರವೇ ಆ ಕೈಗಳ ಕೃತಿಗೂ, ಅದರ ಹೆಸರಿಗೂ ಅಂಟಿಕೊಂಡಿತು. ಸಂತೆಮರಹಳ್ಳಿಗೆ ಮೂಡಲಲ್ಲಿರುವ ಬಿಳಿಗಿರಿರಂಗನ ಬೆಟ್ಟವು ಬೇರೊಂದು ನ್ಯಾಯವನ್ನು ಸಾರುತ್ತಿದೆ. ಅಲ್ಲಿ 2 ವರ್ಷಗಳಿಗೊಮ್ಮೆ ಭಕ್ತರು ದೇವರಿಗೆ 1 ಅಡಿ 9 ಅಂಗುಲ ಉದ್ದದ ತೊಗಲಿನ ಪಾದರಕ್ಷೆಗಳನ್ನು ಸಮರ್ಪಿಸುತ್ತಾರೆ; ಊರೊಳಗೆ ಹೊಸ್ತಿಲಾಚೆಯೇ ಉಳಿಯಬೇಕಾದ ವಸ್ತುವು ಬೆಟ್ಟದ ಮೇಲೆ ಭಕ್ತರ ಶಿರಸ್ಸನ್ನು ಸ್ಪರ್ಶಿಸಿ ಹರಸುತ್ತದೆ. ಸಂಸ್ಕೃತದ ಚರ್ಮ, ಪಾದುಕೆಗಳೆರಡೂ ಕನ್ನಡದ ನಾಲಗೆಯಲ್ಲಿ ಮಾಗಿ ಒಂದಾದ ‘ಚಮ್ಮಾವುಗೆ’ಯೆಂಬ ಮಾತಿಗೆ ದೊರೆತ ಈ ಗೌರವವು, ಅದಕ್ಕಿಂತ ಹಿರಿದಾದ ದೇಶ್ಯಶಬ್ದಕ್ಕೂ ಸಲ್ಲತಕ್ಕದ್ದು. ಕೋಶಗಳಲ್ಲಿ ಕೆರವು ಉಳಿದೀತು. ಆದರೆ ಮಕ್ಕಳ ಪಾಠದಲ್ಲಿಯೂ ಮನೆಯ ಮಾತಿನಲ್ಲಿಯೂ ಅದನ್ನು ಸಂಕೋಚವಿಲ್ಲದೆ ಉಚ್ಚರಿಸುವ ದಿನವೇ, ಅದನ್ನು ಹೊಲಿದವರ ಋಣವನ್ನು ಕನ್ನಡಿಗರು ತೀರಿಸತೊಡಗಿದ ದಿನ.