ಮೂರು ಬಣ್ಣದ ಕ್ಯಾಂಡಿ, ಒಂದೇ ರುಚಿ

ಏಪ್ರಿಲ್ ಬಂತು ಅಂದ್ರೆ ಫೋನಿನ ತುಂಬಾ ಐಸ್ ಕ್ಯಾಂಡಿ. ಕೆಂಪು, ಅದರ ಮೇಲೆ ಹಳದಿ, ಅದರ ಮೇಲೆ ಹಸಿರು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಪದರಗಳು. ಒಂದು ಕೈ ಬಂದು ರಸ ಸುರಿಯುತ್ತೆ, ಮತ್ತೊಂದು ರಸ ಸುರಿಯುತ್ತೆ, ಕಡ್ಡಿ ಸಿಕ್ಕಿಸುತ್ತೆ. ಮರುಕ್ಷಣ ಕ್ಯಾಂಡಿ ಅಚ್ಚಿನಿಂದ ಈಚೆ. ಮಗುವೊಂದು ಕಚ್ಚಿ ಕಣ್ಣರಳಿಸುತ್ತೆ. ಎಲ್ಲ ಸೇರಿ ನಲವತ್ತು ಸೆಕೆಂಡು. ಸಿನಿಮಾಗೆ, ಕಾದಂಬರಿಗೆ, ಹೊಸ ಫೋನಿಗೆ ವಿಮರ್ಶೆ ಬರೀತೀವಿ. ಪ್ರತಿ ಬೇಸಿಗೆಯಲ್ಲೂ ಇಷ್ಟೊಂದು ಜನ ನೋಡಿ, ಸೇವ್ ಮಾಡಿಟ್ಟುಕೊಂಡು, ಒಂದು ಭಾನುವಾರ ಪೂರ್ತಿ ಅದಕ್ಕೆ ಕೊಡ್ತಾರಲ್ಲ, ಈ ಪದರದ ಕ್ಯಾಂಡಿಯ ವಿಡಿಯೋಗೂ ಒಂದು ವಿಮರ್ಶೆ ಸಲ್ಲಬೇಕು.

ಬಣ್ಣದ ಮೇಲೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಇಷ್ಟೇ: ಪದರ ಯಾಕೆ? ಈ ವಿಡಿಯೋಗಳಲ್ಲಿ ಅದಕ್ಕೆ ಉತ್ತರ ಇಲ್ಲ.

ಇದರ ತವರಾದ ಅಮೆರಿಕದಲ್ಲಿ ಉತ್ತರ ಇದೆ. ಅಲ್ಲಿ ಬಾಂಬ್ ಪಾಪ್ ಅನ್ನುವ ಕ್ಯಾಂಡಿ 1955ರಲ್ಲಿ ಮಿಸೌರಿಯ ಕಾನ್ಸಾಸ್ ಸಿಟಿಯಲ್ಲಿ ಹುಟ್ಟಿತು. ರಾಕೆಟ್ಟಿನ ಆಕಾರ, ಕೆಂಪು-ಬಿಳಿ-ನೀಲಿ ಮೂರು ಪದರ. ಚೆರ್ರಿ ಕೆಂಪು, ಸರಿ. ಆದರೆ ನಿಂಬೆ ಬಿಳಿ, ರಾಸ್ಪ್‌ಬೆರಿ ನೀಲಿ! ಅಂದ್ರೆ ಅಲ್ಲಿ ಬಣ್ಣ ಹಣ್ಣಿನ ಮಾತು ಕೇಳಲ್ಲ, ಬಾವುಟದ ಮಾತು ಕೇಳುತ್ತೆ. ಜುಲೈ 4ಕ್ಕೆ ಮನೆಗಳಲ್ಲಿ ಸ್ಟ್ರಾಬೆರಿ, ಮೊಸರು, ಬ್ಲೂಬೆರಿ ಇಟ್ಟುಕೊಂಡು ಅದನ್ನೇ ಮಾಡ್ತಾರೆ. ಬ್ಲೂಬೆರಿ ರುಬ್ಬಿದರೆ ಬರೋದು ನೀಲಿಯಲ್ಲ, ನೇರಳೆ. ಯಾರೂ ಬೇಜಾರು ಮಾಡಿಕೊಳ್ಳಲ್ಲ, ಹಬ್ಬ ತಾನೆ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮಕ್ಕಳನ್ನು ಬೆಳೆಸುತ್ತಿರುವ ನಮ್ಮವರು ಅವತ್ತು ಇದನ್ನು ಮಾಡಿದರೆ ಅದಕ್ಕೊಂದು ಅರ್ಥ ಇದೆ. ಆ ಪದರಗಳು ಏನನ್ನೋ ಹೇಳ್ತಾವೆ.

ಅದೇ ಕ್ಯಾಂಡಿ ಬೆಂಗಳೂರಿನ ಏಪ್ರಿಲ್‌ಗೆ ಬಂದಾಗ ಬಾವುಟ ಬಿದ್ದುಹೋಗಿ ಪಟ್ಟೆ ಮಾತ್ರ ಉಳಿಯಿತು. ಈಗ ಕಿವಿ, ಮಾವು, ಸ್ಟ್ರಾಬೆರಿ. ಯಾಕೆ ಇವೇ? ಹಸಿರು, ಹಳದಿ, ಕೆಂಪು ಬೇಕು, ಅದಕ್ಕೆ. ಸಿಗ್ನಲ್ ಲೈಟ್ ನೋಡಿ ಹಣ್ಣು ಆರಿಸಿದ ಹಾಗೆ. ಚಳಿಗಾಲದಲ್ಲಿ ಚೆನ್ನಾಗಿರುವ ಸ್ಟ್ರಾಬೆರಿಯನ್ನು ಮೇ ತಿಂಗಳಲ್ಲಿ ಡಬ್ಬಿಗೆ ದುಡ್ಡು ಕೊಟ್ಟು ತಂದು, ಹುಳಿ ಅಂತ ಸಕ್ಕರೆ ಸುರಿದು ಕೂರ್ತೀವಿ. ಅಷ್ಟರಲ್ಲಿ ಬೀದಿಯಲ್ಲಿ ತಳ್ಳುಗಾಡಿಯವನು ಕರಬೂಜ ಕೂಗ್ತಾ ಹೋಗಿರ್ತಾನೆ. ಕಿವಿ ಹಣ್ಣನ್ನು ಮೊಸರಿನ ಜೊತೆ ರುಬ್ಬಿ 'ಕ್ರೀಮಿ' ಪದರ ಮಾಡೋ ವಿಡಿಯೋಗಳೂ ಇವೆ. ಕಿವಿಯಲ್ಲಿರುವ ಒಂದು ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತೆ, ಬೆರೆಸಿ ಇಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತೆ. ಕ್ಯಾಮೆರಾಗೆ ಕಹಿ ಕಾಣಲ್ಲ.

ಇನ್ನು ರುಚಿ. ಎಲ್ಲ ಪದರಕ್ಕೂ ಒಂದೇ ಅಳತೆಯ ಸಕ್ಕರೆ ಪಾಕ ಹಾಕ್ತಾರೆ. ತಣ್ಣಗಿನ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತೆ, ಹಣ್ಣಿನ ಪರಿಮಳವೂ ಏಳಲ್ಲ. ಕಣ್ಣು ಮುಚ್ಚಿ ತಿಂದರೆ ಮೂರು ಬಣ್ಣವೂ ಒಂದೇ: ಸಿಹಿ ಐಸು. ರುಚಿಯಲ್ಲಿ ಬೇರೆ ಬೇರೆಯಾಗದ ಪದರಕ್ಕೆ ಇಷ್ಟು ಒದ್ದಾಡೋದು ಯಾಕೆ? ಮೂರನ್ನೂ ಒಟ್ಟಿಗೆ ಮಿಕ್ಸಿಗೆ ಹಾಕಿದ್ರೆ ಆಗ್ತಿತ್ತಲ್ಲ.

ಒದ್ದಾಟ ಅಂದೆ, ಅದರ ಲೆಕ್ಕ ಹಾಕೋಣ, ಯಾಕಂದ್ರೆ ವಿಡಿಯೋ ಬಚ್ಚಿಡೋದು ಅದನ್ನೇ. ಮೊದಲ ಪದರ ಅರೆಬರೆ ಗಟ್ಟಿಯಾಗಲು ಮನೆಯ ಫ್ರೀಜರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಎರಡನೆಯದು ಸುರಿದು, ಕಡ್ಡಿ ನೆಟ್ಟು ಇನ್ನೊಂದು ಗಂಟೆ. ಮೂರನೆಯದಾದ ಮೇಲೆ ಐದಾರು ಗಂಟೆ. ಸಂಜೆ ನಾಲ್ಕಕ್ಕೆ ಮಗುವಿನ ಕೈಗೆ ಕ್ಯಾಂಡಿ ಬರಬೇಕಾದರೆ ಬೆಳಿಗ್ಗೆ ಎಂಟಕ್ಕೆ ಶುರು ಮಾಡಬೇಕು. ನಡುವೆ ಕರೆಂಟ್ ಹೋಯ್ತೋ, ತಣ್ಣೀರಿಗೆ ಅಂತ ಯಾರಾದರೂ ಹತ್ತು ಸಲ ಫ್ರಿಜ್ ತೆಗೆದ್ರೋ, ಲೆಕ್ಕ ಇನ್ನೂ ಮುಂದಕ್ಕೆ. 'ಮೂರೇ ಪದಾರ್ಥ, ಸುಲಭ' ಅಂತಾರಲ್ಲ, ನಾಲ್ಕನೇ ಪದಾರ್ಥ ಒಂದು ಇಡೀ ದಿನ. ಅದನ್ನು ಎಡಿಟಿಂಗಿನಲ್ಲಿ ಕತ್ತರಿಸಿ ಎಸೆದಿರ್ತಾರೆ.

ಇದು ಸಣ್ಣ ಸುಳ್ಳಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಬೇಸಿಗೆ ರಜೆ ಇರೋದು ಮಕ್ಕಳಿಗೆ ಮಾತ್ರ. ಅಪ್ಪ ಅಮ್ಮನ ಕ್ಯಾಲೆಂಡರಿನಲ್ಲಿ ಏಪ್ರಿಲ್, ಮೇ ಎರಡೂ ಮಾಮೂಲಿ ತಿಂಗಳೇ. ಇಡೀ ವಾರ ಮಗುವನ್ನು ಟಿವಿಗೋ ಅಜ್ಜಿಗೋ ಒಪ್ಪಿಸಿ, ವಾರಕ್ಕೊಂದು ದಿನ ಏನಾದರೂ 'ವಿಶೇಷ' ಮಾಡಿ ಸರಿದೂಗಿಸೋ ಆಸೆ. ಆ ಆಸೆಗೆ ವಿಡಿಯೋ ನಲವತ್ತು ಸೆಕೆಂಡಿನ ಬೆಲೆ ಹೇಳಿ ಎಂಟು ಗಂಟೆಯ ಬಿಲ್ ಕೊಡುತ್ತೆ. ಪದರ ಕದಡಿದರೆ ತಪ್ಪು ಅಪ್ಪಂದೋ ಅಮ್ಮಂದೋ. ಮಗು ಪಾಪ ಅಡುಗೆಮನೆ ಬಾಗಿಲಲ್ಲಿ 'ಆಯ್ತಾ? ಈಗ ಆಯ್ತಾ?' ಅಂತ ನಿಂತಿರುತ್ತೆ. ಅದರ ಪಾತ್ರ ಕೊನೆಯ ಶಾಟಿಗೆ ಮಾತ್ರ.

ಪಾಪ್ಸಿಕಲ್ ಹುಟ್ಟಿದ ಕತೆ ಇದಕ್ಕೆ ಪೂರ್ತಿ ಉಲ್ಟಾ. 1905ರಲ್ಲಿ ಫ್ರಾಂಕ್ ಎಪರ್ಸನ್ ಅನ್ನುವ ಹನ್ನೊಂದು ವರ್ಷದ ಹುಡುಗ ಸೋಡಾ ಪುಡಿ ಕಲಸಿದ ನೀರನ್ನು, ಕಲಸಿದ ಕಡ್ಡಿ ಸಮೇತ, ಚಳಿಯ ರಾತ್ರಿ ಮನೆಯ ಹೊರಗೆ ಮರೆತುಬಿಟ್ಟನಂತೆ. ಬೆಳಿಗ್ಗೆ ನೋಡಿದರೆ ಕಡ್ಡಿ ಹಿಡಿದೇ ತಿನ್ನಬಹುದಾದ ಐಸು. 1924ರಲ್ಲಿ ಅದಕ್ಕೆ ಪೇಟೆಂಟೂ ಆಯ್ತು. ಮರೆವಿನಿಂದ ಹುಟ್ಟಿದ ತಿನಿಸು ಅದು. ಒಂದೇ ರುಚಿಯ ಕ್ಯಾಂಡಿಯನ್ನು ಇವತ್ತಿಗೂ ಹಾಗೇ ಮಾಡಬಹುದು: ಸುರಿ, ಮರೆ, ತಿನ್ನು. ಪದರದ ಕ್ಯಾಂಡಿಯಲ್ಲಿ ಮರೆಯೋ ಹಾಗಿಲ್ಲ. ಅಷ್ಟು ಗಮನ ಕೇಳುವ ವಸ್ತು ಅಷ್ಟು ರುಚಿಯನ್ನೂ ವಾಪಸ್ ಕೊಡಬೇಕು ಅನ್ನೋದು ನನ್ನ ವಾದ.

ಹೇಗೆ ಕೊಡಬಹುದು? ಒಂದು ವಿಷಯವನ್ನು ಈ ವಿಡಿಯೋಗಳು ಗಮನಿಸಿಯೇ ಇಲ್ಲ. ಕ್ಯಾಂಡಿಯನ್ನು ಕೇಕಿನ ಹಾಗೆ ಅಡ್ಡಡ್ಡ ಕತ್ತರಿಸಿ ಎಲ್ಲ ಪದರ ಒಟ್ಟಿಗೆ ತಿನ್ನಲ್ಲ. ತುದಿಯಿಂದ ಶುರುಮಾಡಿ ಕಡ್ಡಿಯ ಕಡೆಗೆ ಬರ್ತೀವಿ. ಅಚ್ಚಿನ ತಳಕ್ಕೆ ಮೊದಲು ಸುರಿದದ್ದೇ ಮೊದಲ ಕಚ್ಚು. ಹಾಗಾಗಿ ಕ್ಯಾಂಡಿಯಲ್ಲಿ ಪದರ ಅಂದ್ರೆ ಸರದಿ, ಎಲೆಯಲ್ಲಿ ಕೋಸಂಬರಿ ಮೊದಲು, ಮೊಸರನ್ನ ಕೊನೆಗೆ ಇದ್ದಹಾಗೆ. ಮೊದಲು ಏನು, ಆಮೇಲೆ ಏನು ಅಂತ ಯೋಚಿಸದೆ ಬಣ್ಣ ಜೋಡಿಸೋದು, ಪಾಯಸದಿಂದ ಶುರುಮಾಡಿ ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದ ಹಾಗೆ.

ಮೊದಲ ಕಚ್ಚಿಗೆ ಕ್ಯಾಂಡಿ ಫ್ರೀಜರಿನಷ್ಟೇ ತಣ್ಣಗೆ. ಆ ತಂಪಿನಲ್ಲಿ ಬರೀ ಸಿಹಿ ಎದ್ದು ಕಾಣಲ್ಲ, ಹುಳಿಯೂ ಒಂದು ಚಿಟಿಕೆ ಉಪ್ಪೂ ಬೇಕು. ಕೊನೆ ಮುಟ್ಟುವಷ್ಟರಲ್ಲಿ ಅದು ಅರ್ಧ ಕರಗಿರುತ್ತೆ, ನಾಲಿಗೆಯೂ ಪಳಗಿರುತ್ತೆ. ಸಿಹಿಗೂ ಪರಿಮಳಕ್ಕೂ ಜಾಗ ಅಲ್ಲಿ. ಮಾವಿನಹಣ್ಣಿನ ರಸ ಕಡ್ಡಿಯ ಕಡೆ ಇರಬೇಕು ಅನ್ನೋದಕ್ಕೆ ಇನ್ನೊಂದು ಕಾರಣವೂ ಇದೆ: ದಪ್ಪ ರಸ ನಿಧಾನಕ್ಕೆ ಸೋರುತ್ತೆ, ಮೊಣಕೈವರೆಗೂ ಇಳಿಯಲ್ಲ.

ನಮ್ಮ ಮನೆಯಲ್ಲಿ ನಿಂತಿರೋ ಸರದಿ ಹೀಗೆ. ತುದಿಗೆ ಪುನರ್ಪುಳಿ (ಮಲೆನಾಡಿನವರು ಮುರುಗಲು ಅಂತಾರೆ). ಒಣಗಿದ ಸಿಪ್ಪೆ ನೆನೆಸಿ, ಕಿವುಚಿ, ಸೋಸಿ, ಸಕ್ಕರೆ, ಉಪ್ಪು, ಬೇಕಿದ್ದರೆ ಹುರಿದ ಜೀರಿಗೆ ಪುಡಿ. ಕಡ್ಡಿಯ ಕಡೆ ರಸಪುರಿ ಅಥವಾ ಬಾದಾಮಿ ಮಾವಿನ ಸೀಕರಣೆ, ಏಲಕ್ಕಿ ಹಾಕಿ. ಎರಡೇ ಪದರ ಸಾಕು. ಮೂರನೆಯದು ಬೇಕೇ ಬೇಕು ಅಂದ್ರೆ ನಡುವೆ ಎಳನೀರನ್ನು ಅದರ ಗಂಜಿ ಸಮೇತ ರುಬ್ಬಿ, ಒಂದು ಚಮಚ ಜೇನು ಸೇರಿಸಿ ಹಾಕಬಹುದು. ಬಣ್ಣವೂ ಬರುತ್ತೆ, ಅದು ಬೋನಸ್. ಆದರೆ ನನ್ನ ಅಕ್ಕನ ಮಗಳು ಇದನ್ನು ಒಪ್ಪಲಿಲ್ಲ. 'ಮಾಮ, ಮಾವು ಮೊದಲು ಹಾಕು, ಹುಳಿ ಲಾಸ್ಟಿಗಿರಲಿ' ಅಂದಳು. ಯಾಕೆ ಅಂದ್ರೆ, ಕೊನೇಲಿ ಯಾರೂ ಕಿತ್ತುಕೊಳ್ಳಲ್ಲ. ಅಣ್ಣನ ಜೊತೆ ಬೆಳೆದ ಮಗುವಿನ ತರ್ಕ. ಅವಳ ಅಚ್ಚಿಗೆ ಅವಳ ಸರದಿಯಲ್ಲೇ ಸುರಿದೆವು. ಅಂದಹಾಗೆ, ಆವತ್ತು ಇಡೀ ದಿನ ಅವಳು 'ಆಯ್ತಾ?' ಅಂತ ಒಂದು ಸಲಾನೂ ಕೇಳಲಿಲ್ಲ, ಗಂಟೆಗೊಮ್ಮೆ ಕಡ್ಡಿ ಅಲ್ಲಾಡಿಸಿ ನೋಡೋ ಡ್ಯೂಟಿ ಅವಳದೇ ಆಗಿತ್ತು.

ಆ ಕಡ್ಡಿಯ ಪರೀಕ್ಷೆಯೇ ಇಲ್ಲಿ ಮುಖ್ಯವಾದ ಕಸುಬು, ವಿಡಿಯೋಗಳು ಹಾರಿಸಿಬಿಡೋದೂ ಅದನ್ನೇ. ಕೆಳಗಿನ ಪದರ ನೀರಾಗಿದ್ದರೆ ಎರಡೂ ಬೆರೆಯುತ್ತೆ. ಪೂರ್ತಿ ಕಲ್ಲಾಗಿದ್ದರೆ ಮೇಲಿನದು ಹಿಡಿದುಕೊಳ್ಳಲ್ಲ, ತಿನ್ನುವಾಗ ಅರ್ಧ ಕ್ಯಾಂಡಿ ಜಾರಿ ನೆಲಕ್ಕೆ. ಮೇಲ್ಮೈ ಗಟ್ಟಿ ಮೊಸರಿನ ಹಾಗಿದ್ದು, ನೆಟ್ಟ ಕಡ್ಡಿ ಓರೆಯಾಗದೆ ನಿಂತರೆ ಅದೇ ಹದ. ಮೇಲೆ ಸುರಿಯುವ ರಸ ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿರಬೇಕು, ಇಲ್ಲದಿದ್ದರೆ ಬಿದ್ದ ಜಾಗದಲ್ಲಿ ತೂತು. ಎರಡೂ ಕಡೆ ಸಕ್ಕರೆಯಂಶ ಹತ್ತಿರ ಹತ್ತಿರ ಇದ್ದರೆ ಒಂದು ಕಲ್ಲು, ಒಂದು ಕೆಸರು ಆಗಲ್ಲ. ಒಂದು ಲೀಟರ್ ನೀರಿಗೆ 180 ಗ್ರಾಂ ಸಕ್ಕರೆ ಕರಗಿಸಿದರೆ ಅದು ಹೆಪ್ಪುಗಟ್ಟಲು ಶುರುವಾಗೋದು ಸೊನ್ನೆಗಿಂತ ಸುಮಾರು 1 ಡಿಗ್ರಿ ಕೆಳಗೆ. ಮೊದಲು ಗಟ್ಟಿಯಾಗೋದು ನೀರು, ಉಳಿದ ಪಾಕ ಇನ್ನೂ ಮಂದವಾಗಿ ಐಸಿನ ಹರಳುಗಳ ನಡುವೆ ಸಿಕ್ಕಿಕೊಂಡಿರುತ್ತೆ. ಕ್ಯಾಂಡಿ ಕಚ್ಚೋಕೆ ಬರೋದು ಆ ಪಾಕದಿಂದ. ಸ್ಕೂಲ್ ಗೇಟಿನ ಹತ್ತಿರ ಕ್ಯಾಂಡಿ ಹೀರಿ ಹೀರಿ ಬಣ್ಣವೆಲ್ಲ ಖಾಲಿಯಾಗಿ ಬಿಳಿ ಐಸು ಉಳೀತಿತ್ತಲ್ಲ, ನಾವು ಹೀರಿದ್ದು ಆ ಪಾಕವನ್ನೇ.

ಕಾಯೋಕಾಗದವರಿಗೆ ಒಂದು ಅಡ್ಡದಾರಿ ಹೇಳಿಕೊಡುವ ವಿಡಿಯೋಗಳಿವೆ: ಹೆಚ್ಚು ಸಕ್ಕರೆಯ ಭಾರದ ರಸ ತಳಕ್ಕೆ, ಹಗುರದ್ದು ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ಮೆಲ್ಲಗೆ. ಬೆರೆಯದೆ ನಿಲ್ಲುತ್ತೆ, ಬಣ್ಣ ಬಣ್ಣಕ್ಕೆ ಜಾರುವ ಹಾಗೆ ಚೆಂದವೂ ಕಾಣುತ್ತೆ. ಆದರೆ ತಳ ಅಂದ್ರೆ ತುದಿ. ಅತಿ ಸಿಹಿ ಅತಿ ತಣ್ಣಗಿನ ಕಚ್ಚಿಗೆ ಹೋಗಿ ಕೂತಿತು, ಸಪ್ಪೆಯದು ಕೊನೆಗೆ. ನೋಡೋಕೆ ಗೆದ್ದು ತಿನ್ನೋಕೆ ಸೋತ ಉಪಾಯ.

ಅಚ್ಚಿನ ಗೋಡೆಗೆ ಹಣ್ಣಿನ ಬಿಲ್ಲೆ ಅಂಟಿಸೋದಂತೂ ಪೂರ್ತಿ ಕ್ಯಾಮೆರಾಕ್ಕಾಗಿ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ನೀರು. ಆ ತುಂಡು ಸುತ್ತಲಿನ ಸಿಹಿ ರಸಕ್ಕಿಂತ ಗಟ್ಟಿಯಾಗಿ ಹಲ್ಲಿಗೆ ಬೆಣಚುಕಲ್ಲು ಸಿಕ್ಕಂತಾಗುತ್ತೆ. ತುಂಡು ಬೇಕಿದ್ದರೆ ಸಣ್ಣಗೆ ಹೆಚ್ಚಿ ಸಕ್ಕರೆಯಲ್ಲಿ ಅರ್ಧ ಗಂಟೆ ನೆನೆಸಿಟ್ಟು ಹಾಕಿ.

ಇಷ್ಟೆಲ್ಲ ಬೈದ ಮೇಲೂ ಈ ವಿಡಿಯೋಗಳಿಗೆ ಒಂದು ಋಣ ಇದೆ, ಹೇಳಲೇಬೇಕು. ಬಣ್ಣದ ನೀರಿನ ಕ್ಯಾಂಡಿಯೇ ಗತಿ ಅಂದುಕೊಂಡಿದ್ದ ಎಷ್ಟೋ ಮನೆಗಳಿಗೆ ನಿಜವಾದ ಹಣ್ಣನ್ನು ತಂದವು. ಅಚ್ಚು ಮಾತ್ರ ಕೊಳ್ಳಬೇಡಿ. ಅವರು ತೋರಿಸುವ ಸಿಲಿಕಾನ್ ಅಚ್ಚಿಗಿಂತ ಮನೆಯ ಸಣ್ಣ ಸ್ಟೀಲ್ ಲೋಟ ತಣ್ಣಗಾಗೋದು ಬೇಗ, ಪ್ರತಿ ಪದರಕ್ಕೂ ಕಾಯೋ ಹೊತ್ತು ಅಷ್ಟಷ್ಟು ಕಡಿಮೆ. ಬಾಯಿ ಅಗಲ, ತಳ ಕಿರಿದು ಇರೋ ಲೋಟ ಆರಿಸಿ. ನಲ್ಲಿ ನೀರಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಹಿಡಿದು, ಕಡ್ಡಿಯನ್ನು ಎಳೆಯದೆ ಸ್ವಲ್ಪ ತಿರುಗಿಸಿದರೆ ಕ್ಯಾಂಡಿ ಈಚೆ ಬರುತ್ತೆ.