ಮಾಟಪಾನ್ ಕದನವೂ ಯಾಕಿನೊವಿನ ಆತ್ಮಸಮರ್ಥನೆಯೂ

ಸೋತ ಸೇನಾನಿಯು ತನ್ನ ಸೋಲಿನ ಚರಿತ್ರೆಯನ್ನು ತಾನೇ ಬರೆದರೆ ಅದನ್ನು ಸಾಕ್ಷ್ಯವೆಂದು ಗ್ರಹಿಸಬೇಕೋ ವಾದವೆಂದು ಗ್ರಹಿಸಬೇಕೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಇಟಲಿಯ ಅಡ್ಮಿರಲ್ ಆಂಜೆಲೊ ಯಾಕಿನೊ (1889–1976) ಮಾಟಪಾನ್ ಕದನವನ್ನು ಕುರಿತು 1946, 1957, 1969ರಲ್ಲಿ ಮೂರು ಗ್ರಂಥಗಳನ್ನು ರಚಿಸಿದನು. ಒಂದೇ ಕದನದ ವೃತ್ತಾಂತಕ್ಕೆ ಮೂರು ಬಾರಿ ಮರಳಿದುದೇ ಗ್ರಂಥಕರ್ತನ ಮನಸ್ಸಿನ ಭಾರವನ್ನು ಸೂಚಿಸುತ್ತದೆ.

ಮೊದಲನೆಯ ಮಹಾಯುದ್ಧದಲ್ಲಿ ಟಾರ್ಪೆಡೊ ದೋಣಿಯ ನಾಯಕನಾಗಿದ್ದ ಯಾಕಿನೊ 1940ರ ಡಿಸೆಂಬರಿನಲ್ಲಿ ಇಟಲಿಯ ಸಮರನೌಕಾಪಡೆಯ ಅಧಿಪತಿಯಾದನು. 1941ರ ಮಾರ್ಚ್ 28ರಂದು ಗ್ರೀಸಿನ ದಕ್ಷಿಣದ ಕಡಲಿನಲ್ಲಿ ಆತನ ಧ್ವಜನೌಕೆಯಾದ ವಿತ್ತೋರಿಯೊ ವೆನೆತೊ ವಿಮಾನದ ಟಾರ್ಪೆಡೊವಿನಿಂದ ಘಾಸಿಗೊಂಡಿತು. ಸಂಜೆ ಪೋಲಾ ಎಂಬ ಕ್ರೂಸರ್ ಅಂತಹುದೇ ಪೆಟ್ಟಿನಿಂದ ಚಲನಶಕ್ತಿಯನ್ನು ಕಳೆದುಕೊಂಡಿತು. ಅದರ ನೆರವಿಗೆ ಎರಡು ಡೆಸ್ಟ್ರಾಯರುಗಳನ್ನು ಕಳುಹಿಸಬಹುದೆಂದು ಅಡ್ಮಿರಲ್ ಕತ್ತಾನೆಯೊ ಸೂಚಿಸಿದನು. ಯಾಕಿನೊವಾದರೋ ಝಾರಾ, ಫಿಯುಮೆ ಕ್ರೂಸರುಗಳನ್ನೂ ನಾಲ್ಕು ಡೆಸ್ಟ್ರಾಯರುಗಳನ್ನೂ ಕೂಡಿಸಿ ಕತ್ತಾನೆಯೊವನ್ನೇ ಹಿಂದಕ್ಕೆ ಕಳುಹಿಸಿದನು. ಕತ್ತಲೆಯಲ್ಲಿ ಬ್ರಿಟಿಷರ ಮೂರು ಮಹಾನೌಕೆಗಳು ಸುಮಾರು 3,500 ಮೀಟರು ದೂರದಿಂದ ಗುಂಡು ಹಾರಿಸಿದುವು. ಮೂರು ಕ್ರೂಸರುಗಳೂ ಎರಡು ಡೆಸ್ಟ್ರಾಯರುಗಳೂ ಮುಳುಗಿದುವು. 2,300ಕ್ಕೂ ಮಿಕ್ಕ ನಾವಿಕರು ಮಡಿದರು. ಕತ್ತಾನೆಯೊವೂ ಅವರಲ್ಲೊಬ್ಬನು.

ತನ್ನ ನೌಕೆಗಳಿಗೆ ರೇಡಾರ್ ಇರಲಿಲ್ಲವೆಂದೂ ವಿಮಾನಬಲದ ನೆರವು ಸಾಲದೆಹೋಯಿತೆಂದೂ ಯಾಕಿನೊ ವಾದಿಸುತ್ತಾನೆ. ಇವೆರಡೂ ನಿಜ. ಆತನ ಪಕ್ಷವನ್ನು ಇನ್ನಷ್ಟು ಬಲಪಡಿಸುವ ಸಂಗತಿಯೊಂದು ಮಾತ್ರ ಮೂರು ಗ್ರಂಥಗಳೂ ಹೊರಬಂದ ಮೇಲೆ ಬೆಳಕಿಗೆ ಬಂದಿತು. ಇಟಲಿಯ ನೌಕಾಸಂದೇಶಗಳ ಗೂಢಲಿಪಿಯನ್ನು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಮೇವಿಸ್ ಲೀವರ್ ಮೊದಲಾದವರು ಬಿಡಿಸಿದುದರಿಂದ, ಇಟಲಿಯ ನೌಕೆಗಳು ಹೊರಡಲಿರುವ ಸುಳಿವು ಅಡ್ಮಿರಲ್ ಕನಿಂಗ್‌ಹ್ಯಾಮನಿಗೆ ಮುಂಚೆಯೇ ದೊರೆತಿದ್ದಿತು. ಆ ಕೆಲಸದ ರಹಸ್ಯವು ಜನಸಾಮಾನ್ಯರಿಗೆ ತಿಳಿದುದು 1974ರಲ್ಲಿ.

ಆದರೆ ಈ ಸಂಗತಿಯು ಯಾಕಿನೊವನ್ನು ಪೂರ್ಣವಾಗಿ ದೋಷಮುಕ್ತನನ್ನಾಗಿ ಮಾಡಲಾರದು. ಗೂಢಲಿಪಿಯ ಭಂಗವು ಬ್ರಿಟಿಷರು ಕಡಲಿಗಿಳಿದುದಕ್ಕೆ ಕಾರಣವೇ ಹೊರತು, ಕತ್ತಾನೆಯೊವನ್ನು ಹಿಂದಕ್ಕೆ ಕಳುಹಿಸಿದುದಕ್ಕೆ ಕಾರಣವಲ್ಲ. ಶತ್ರುವು ಹಿಂದೆ ಬರುತ್ತಿರುವನೆಂಬ ಸೂಚನೆ ಅಂದು ಸಂಜೆಯೇ ಯಾಕಿನೊವಿಗೆ ತಲುಪಿದ್ದಿತು. ಆತನು ಅದನ್ನು ನಂಬಲಿಲ್ಲ. ಪೋಲಾವನ್ನು ಎಳೆದೊಯ್ಯಬೇಕೋ ಮುಳುಗಿಸಬೇಕೋ ಎಂಬುದನ್ನು ಹಿರಿಯ ಅಧಿಕಾರಿಯೇ ಸ್ಥಳದಲ್ಲಿ ನಿರ್ಧರಿಸಬೇಕೆಂಬ ಆತನ ಸಮಾಧಾನವು, ಒಂದು ನೌಕೆಗಾಗಿ ಆರನ್ನು ಅಪಾಯಕ್ಕೊಡ್ಡಿದುದಕ್ಕೆ ತಕ್ಕ ಉತ್ತರವಲ್ಲ.

ಆದುದರಿಂದ ಈ ಗ್ರಂಥಗಳನ್ನು ಎರಡು ಬಗೆಯಾಗಿ ಓದುವುದು ಉಚಿತ. ಯಾಕಿನೊವಿಗೆ ತಿಳಿಯದಿದ್ದ ವಿಷಯಗಳಲ್ಲಿ ಅವು ವಿಶ್ವಾಸಾರ್ಹವಾದ ಸಾಕ್ಷ್ಯ. ತಿಳಿದೂ ನಂಬದಿದ್ದ ವಿಷಯಗಳಲ್ಲಿ ಬರಿಯ ವಾದ. ಈ ಗೆರೆಯನ್ನು ಗ್ರಂಥಕರ್ತನು ಎಳೆಯಲಿಲ್ಲ; ಓದುಗನೇ ಎಳೆದುಕೊಳ್ಳಬೇಕಾಗಿದೆ.