ಜೀರ್ಣೋದ್ಧಾರದಲ್ಲಿ ಅಳಿಯುವ ಸಾಕ್ಷ್ಯ: ಹಳೆಯ ರೇಸಿಂಗ್ ಸೈಕಲ್ಲುಗಳ ಕಾಲನಿರ್ಣಯದ ಕುರಿತು

ಇಟಲಿಯಲ್ಲಿ 1970ರ ದಶಕದಲ್ಲಿ ತಯಾರಾದ ರೇಸಿಂಗ್ ಸೈಕಲ್ಲುಗಳ ಸಂಗ್ರಾಹಕರಲ್ಲಿ ಒಂದು ಪದ್ಧತಿ ಬೇರೂರಿದೆ. ಮೊದಲು ಸೈಕಲ್ಲು ಯಾವ ವರ್ಷದ್ದೆಂದು ನಿರ್ಧರಿಸಿ, ಆ ವರ್ಷಕ್ಕೆ ಹೊಂದದ ಭಾಗಗಳನ್ನು ಕಳಚಿ, ಹೊಂದುವ ಭಾಗಗಳನ್ನು ಹುಡುಕಿ ತಂದು ಜೋಡಿಸಿ, ಕೊನೆಗೆ ಚೌಕಟ್ಟಿನ ಹಳೆಯ ಬಣ್ಣವನ್ನು ಪೂರ್ತಿ ಕೆರೆದು ಹೊಸದಾಗಿ ಬಳಿಯಲಾಗುತ್ತದೆ. ಕಾಲನಿರ್ಣಯದ ಹಂತದಲ್ಲಿ ಕಾಣುವ ಸೂಕ್ಷ್ಮತೆ ಮುಂದಿನ ಹಂತಗಳಲ್ಲಿ ಮರೆಯಾಗುವುದೇ ಈ ಪದ್ಧತಿಯ ದೊಡ್ಡ ಕೊರತೆ.

ಕಾಲನಿರ್ಣಯಕ್ಕೆ ಹೆಚ್ಚಾಗಿ ನೆರವಾಗುವುದು ವಿಚೆಂಜಾದ ಕಂಪಾನ್ಯೋಲೊ ಸಂಸ್ಥೆಯ ಬಿಡಿಭಾಗಗಳು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನವಾದ ಡಿರೇಲರ್‌ನ ನುವೋವೊ ರೆಕಾರ್ಡ್ ಮಾದರಿ 1967ರಲ್ಲಿ ಬಂದಿತು. 1970ರ ದಶಕದಲ್ಲಿ ತಯಾರಾದವುಗಳ ಮೈಮೇಲೆ ‘ಪೇಟೆಂಟ್’ ಎಂಬ ಪದದ ಜೊತೆಗಿರುವ ಎರಡು ಅಂಕಿಗಳು ತಯಾರಿಕೆಯ ವರ್ಷವನ್ನು ಸೂಚಿಸುತ್ತವೆ. ಪೆಡಲನ್ನು ಹೊರುವ ತೋಳಾದ ಕ್ರ್ಯಾಂಕಿನ ಹಿಂಬದಿಯಲ್ಲಿ ವಜ್ರಾಕೃತಿಯೊಳಗೆ ಅಂಕಿಯಿದ್ದರೆ ಅದು 1970ರ ದಶಕದ್ದು, ವೃತ್ತದೊಳಗೆ ಇದ್ದರೆ 1980ರ ದಶಕದ್ದು. ಆದರೆ ಇವೆಲ್ಲ ಆಯಾ ಭಾಗದ ಹುಟ್ಟನ್ನು ತಿಳಿಸುತ್ತವೆಯೇ ಹೊರತು ಸೈಕಲ್ಲಿನ ಹುಟ್ಟನ್ನಲ್ಲ ಎಂಬುದನ್ನು ಸಂಗ್ರಾಹಕರು ಪದೇಪದೇ ಮರೆಯುತ್ತಾರೆ. ಪಂದ್ಯಗಳಲ್ಲಿ ಓಡಿದ ಸೈಕಲ್ಲಿನ ಚೈನು, ಫ್ರೀವೀಲು, ಗಾಲಿಗಳು ಸವೆದಂತೆ ಬದಲಾಗುತ್ತಿದ್ದವು. ಬಿದ್ದಾಗ ಡಿರೇಲರ್ ಮುರಿದರೆ ಅಂಗಡಿಯಲ್ಲಿ ಸಿಕ್ಕ ಹೊಸದನ್ನೇ ಹಾಕಲಾಗುತ್ತಿತ್ತು.

ಆದ್ದರಿಂದ ಚೌಕಟ್ಟಿನ ಸಾಕ್ಷ್ಯಕ್ಕೇ ಹೆಚ್ಚಿನ ತೂಕ ಸಲ್ಲಬೇಕು, ಆದರೆ ಅದನ್ನೂ ಎಚ್ಚರದಿಂದ ಓದಬೇಕು. ಹಿಂಗಾಲಿ ಕೂರುವ ಎರಡು ಕವಲುಗಳ ನಡುವಿನ ಅಂತರ ಐದು ಹಲ್ಲುಚಕ್ರಗಳ ಕಾಲದಲ್ಲಿ 120 ಮಿಲಿಮೀಟರ್ ಇದ್ದು, ಆರು ಚಕ್ರಗಳು ರೂಢಿಯಾದಾಗ 126ಕ್ಕೆ ಏರಿತು. ಆದರೆ ಉಕ್ಕಿನ ಕವಲುಗಳನ್ನು ಬಿಸಿಮಾಡದೆಯೇ ಅಗಲಿಸಬಹುದಾದ್ದರಿಂದ ಈ ಅಳತೆಯೊಂದನ್ನೇ ನಂಬಿದವರು ಮೋಸಹೋಗುತ್ತಾರೆ. ಕೇಬಲ್ಲುಗಳನ್ನು ಹಿಡಿದಿಡುವ ಕೊಂಡಿಗಳು ಮೊದಲು ಕೊಳವೆಗೆ ಸುತ್ತಿ ಬಿಗಿದ ಪಟ್ಟಿಗಳಾಗಿದ್ದು, ದಶಕದ ಕೊನೆಯ ವೇಳೆಗೆ ಚೌಕಟ್ಟಿಗೇ ಬೆಸೆದ ಕೊಂಡಿಗಳು, ನೀರಿನ ಬಾಟಲಿಗಾಗಿ ಬೆಸೆದ ತಿರುಪುಗುಳಿಗಳು ಸಾಮಾನ್ಯವಾದವು. ಇವನ್ನೂ ಮುಂದಿನ ಮಾಲೀಕರು ಬಣ್ಣ ಬಳಿಸುವಾಗ ಸೇರಿಸಿರಬಹುದು. ಕ್ರ್ಯಾಂಕುಗಳ ಅಚ್ಚು ಕೂರುವ ಗೂಡಿನಲ್ಲಿ 36 ಮಿಲಿಮೀಟರ್ ವ್ಯಾಸದ ಇಟಾಲಿಯನ್ ತಿರುಪು ಇದ್ದರೆ ಅದು ದೇಶವನ್ನು ಸೂಚಿಸುತ್ತದೆ, ವರ್ಷವನ್ನಲ್ಲ.

ಈ ಅನುಮಾನಗಳನ್ನು ಬಗೆಹರಿಸಬಲ್ಲ ಸಾಕ್ಷಿ ಹಳೆಯ ಬಣ್ಣವೇ. ಬೆಸೆದ ಕೊಂಡಿಯ ಬುಡದಲ್ಲಿ ಮೊದಲ ಬಣ್ಣದ ಪದರವೇ ಮುಂದುವರಿದಿದೆಯೇ, ಪಟ್ಟಿಯ ಒತ್ತುಗುರುತು ಆ ಪದರದಲ್ಲಿ ಉಳಿದಿದೆಯೇ ಎಂದು ನೋಡಿದರೆ ಮೂಲ ಯಾವುದು, ಸೇರ್ಪಡೆ ಯಾವುದು ಎಂಬುದು ತಿಳಿಯುತ್ತದೆ. ಮರಳು ಸಿಡಿಸಿ ಬಣ್ಣ ತೆಗೆಯುವ ಕಾರ್ಯಾಗಾರ ಈ ಬರಹವನ್ನೆಲ್ಲ ಒಂದೇ ಗಂಟೆಯಲ್ಲಿ ಅಳಿಸುತ್ತದೆ. ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಮಿಲಾನಿನ ಕೊಲಂಬಸ್ ಸಂಸ್ಥೆಯ ಎಸ್‌ಎಲ್ ಕೊಳವೆಗಳ ಗೋಡೆ ತುದಿಗಳಲ್ಲಿ 0.9, ನಡುವೆ 0.6 ಮಿಲಿಮೀಟರ್ ಮಾತ್ರ ದಪ್ಪವಿರುವಾಗ ಒರಟು ಉಜ್ಜುವಿಕೆಯಿಂದ ಸವೆಯುವ ಪ್ರತಿಯೊಂದು ಪದರವೂ ನಷ್ಟವೇ. ಕ್ರೋಮ್ ಲೇಪನಕ್ಕಾಗಿ ನಯಗೊಳಿಸುವಾಗ ಲಗ್ಗುಗಳ, ಅಂದರೆ ಕೊಳವೆಗಳನ್ನು ಕೂಡಿಸುವ ಒರೆಗಳ ಅಂಚಿನಲ್ಲಿ ಕುಶಲಕರ್ಮಿ ಅರದಿಂದ ತಿದ್ದಿದ ಗೆರೆಗಳು ಮೊಂಡಾಗುತ್ತವೆ. ಮೇಲ್ಮೈಯ ತುಕ್ಕನ್ನು ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಿಂದ ತೆಗೆದು, ಮೇಣ ಸವರಿ, ಬಣ್ಣವನ್ನು ಇದ್ದಂತೆಯೇ ಉಳಿಸುವ ವಿಧಾನ ಕಣ್ಣಿಗೆ ಅಷ್ಟು ಹೊಳಪಾಗಿ ಕಾಣದಿದ್ದರೂ ಅದೇ ಶ್ರೇಷ್ಠ.

ಟಸ್ಕನಿಯ ಗಾಯೋಲೆ ಇನ್ ಕಿಯಾಂತಿಯಲ್ಲಿ 1997ರಿಂದ ನಡೆಯುತ್ತಿರುವ ‘ಲೆರೋಯಿಕಾ’ ಸವಾರಿಯ ನಿಯಮ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. 1987ಕ್ಕಿಂತ ಹಳೆಯ ಸೈಕಲ್ಲನ್ನು ಗುರುತಿಸಲು ಅದು ಕೆಳಕೊಳವೆಯ ಮೇಲಿನ ಗೇರ್ ಹಿಡಿಕೆ, ಪಟ್ಟಿಕಟ್ಟಿನ ಪೆಡಲು, ಹ್ಯಾಂಡಲಿನ ಹೊರಗೆ ಕಾಣುವ ಬ್ರೇಕ್ ಕೇಬಲ್ಲು ಇವನ್ನು ಕೇಳುತ್ತದೆಯಾದ್ದರಿಂದ, ಬೇರೆಬೇರೆ ವರ್ಷಗಳ ಭಾಗಗಳನ್ನು ಹೊತ್ತು ನಿಜವಾಗಿ ಬಾಳಿದ ಸೈಕಲ್ಲಿಗೂ ಅಲ್ಲಿ ಜಾಗವಿದೆ.

ಉಳಿಸುವಿಕೆಗೂ ಒಂದು ಎಲ್ಲೆಯಿದೆ. ಕಂಪಾನ್ಯೋಲೊ ರೆಕಾರ್ಡ್ ಕ್ರ್ಯಾಂಕಿನ ಮುಖ್ಯ ತೋಳು ಪಕ್ಕದ ಕವಲನ್ನು ಸೇರುವ ಮೂಲೆಯಲ್ಲಿ ಅಲ್ಯೂಮಿನಿಯಂ ದಣಿದು ಬಿರುಕು ಬಿಡುವುದು ಅನುಭವಿಗಳಿಗೆಲ್ಲ ಗೊತ್ತಿರುವ ದೋಷ. ಅಂಥ ಬಿರುಕು ಕಂಡರೆ ಆ ಕ್ರ್ಯಾಂಕನ್ನು ಸವಾರಿಯಿಂದ ನಿವೃತ್ತಿಗೊಳಿಸಿ, ಬದಲಿ ಹಾಕಿದ್ದನ್ನು ಬರೆದಿಟ್ಟು, ತೆಗೆದದ್ದನ್ನು ಸೈಕಲ್ಲಿನ ಜೊತೆಯಲ್ಲೇ ಕಾಪಿಡಬೇಕು.